ಮುತ್ಯಾನ ಕಿವಿ

"ಮಿಸ್, ಟ್ರಿಪ್‌ಗೆ ಮೊಬೈಲ್ ತರಬಾರದು ಅಂತ ನೀವು ಹೇಳಿದ್ರಿ. ಇದು ಮೊಬೈಲ್ ಅಲ್ಲ ಮಿಸ್!"

ಬಸ್ಸಿನ ಬಾಗಿಲಲ್ಲೇ ಮಿಸ್ ಆರತಿಯನ್ನು ತಡೆದು ನಿಲ್ಲಿಸಿದ್ದರು. ಅವರ ಕೈಯಲ್ಲಿ ಸೋಪಿನ ಡಬ್ಬಿಯಷ್ಟು ದಪ್ಪದ, ಬೆಳ್ಳಿ ಬಣ್ಣದ ಕ್ಯಾಮೆರಾ ಇತ್ತು. ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿಯೂ ನೋಡಿದರು.

"ಇದರಲ್ಲಿ ಗೇಮ್ ಇದೆಯಾ?"

"ಇಲ್ಲ ಮಿಸ್."

"ಯೂಟ್ಯೂಬ್?"

"ಇದಕ್ಕೆ ಚಾರ್ಜರ್ ಕೂಡ ಇಲ್ಲ ಮಿಸ್. ಟಿವಿ ರಿಮೋಟಿಗೆ ಹಾಕ್ತಾರಲ್ಲ, ಆ ಥರ ಸೆಲ್ ಹಾಕಬೇಕು."

ಮಿಸ್‌ಗೆ ನಗು ಬಂತು. "ಸರಿ, ಹತ್ತು" ಎಂದರು.

ಬಸ್ಸು ಖಡಕಿಯಿಂದ ಹೊರಟು ಸಾಸವಡ ತಲುಪುವಷ್ಟರಲ್ಲಿ ಆರತಿ ಐದನೇ ಕ್ಲಾಸಿನ ರಾಣಿಯಾಗಿದ್ದಳು. ಇಡೀ ಬಸ್ಸಿನಲ್ಲಿ ಫೋಟೊ ತೆಗೆಯಬಲ್ಲವಳು ಅವಳೊಬ್ಬಳೇ! ಋಷಿಕೇಶ ಕಿಟಕಿಯ ಸೀಟು ಬಿಟ್ಟುಕೊಟ್ಟ. ಶರ್ವರಿ ತನ್ನ ಚಿಪ್ಸ್ ಪ್ಯಾಕೆಟ್ಟನ್ನೇ ಕೊಟ್ಟಳು. ಶಾಲೆಯಲ್ಲಿ ಎಲ್ಲರೂ ಮಾತಾಡುವುದು ಮರಾಠಿ. ಆರತಿಗೆ ಅದು ಮನೆಯ ಕನ್ನಡದಷ್ಟೇ ಸಲೀಸು. ಆದರೆ ಅವತ್ತು ಅವಳು ಹೆಚ್ಚು ಮಾತಾಡಲಿಲ್ಲ. ರಾಣಿಯರು ಹೆಚ್ಚು ಮಾತಾಡುವುದಿಲ್ಲವಲ್ಲ.

ಕ್ಯಾಮೆರಾ ಅವಳ ಅಪ್ಪ ಧರ್ಮಣ್ಣನದು. ಅವಳು ಹುಟ್ಟುವುದಕ್ಕೂ ಮೊದಲು, ಫ್ಯಾಕ್ಟರಿಯಲ್ಲಿ ಮೊದಲ ಬೋನಸ್ ಬಂದಾಗ ಕೊಂಡದ್ದು. ಬೆಳಿಗ್ಗೆ ಕಪಾಟಿನಿಂದ ತೆಗೆದುಕೊಡುವಾಗ ಅಪ್ಪ ಒಂದೇ ಮಾತು ಹೇಳಿದ್ದ. "ಹೊಸಾವು ಎಷ್ಟರ ತಗಿ. ಹಳೇದು ಒಂದೂ ಅಳಸಬ್ಯಾಡ."

ಅಂಜೂರದ ತೋಟದಲ್ಲಿ ಬಸ್ಸು ಇಳಿದ ಕೂಡಲೇ ಕೆಲಸ ಶುರುವಾಯಿತು. ಆದರೆ ಈ ಕ್ಯಾಮೆರಾಕ್ಕೆ ಒಂದು ವಿಚಿತ್ರ ಅಭ್ಯಾಸವಿತ್ತು. ಗುಂಡಿ ಒತ್ತಿದ ಕೂಡಲೇ ಅದು ಫೋಟೊ ತೆಗೆಯುತ್ತಿರಲಿಲ್ಲ. "ಕುರ್‍ರ್..." ಎಂದು ಸ್ವಲ್ಪ ಯೋಚನೆ ಮಾಡಿ, ಆಮೇಲೆ "ಟಿಕ್" ಎನ್ನುತ್ತಿತ್ತು. ಋಷಿಕೇಶ ಜಿಗಿಯುವ ಫೋಟೊದಲ್ಲಿ ಋಷಿಕೇಶ ಆಗಲೇ ನೆಲಕ್ಕೆ ಬಿದ್ದಿದ್ದ. ಮಿಸ್ ನಗುವ ಫೋಟೊದಲ್ಲಿ ಮಿಸ್ ಯಾರನ್ನೋ ಬೈಯುತ್ತಿದ್ದರು.

ಶರ್ವರಿ ತೋಟದ ಮೇಕೆಯ ಪಕ್ಕ ನಿಂತಳು. ತಲೆ ಓರೆ ಮಾಡಿದಳು. ಗಲ್ಲದ ಕೆಳಗೆ ಎರಡು ಬೆರಳು ಇಟ್ಟಳು.

"ಬೇಗ ತೆಗಿ ಆರತಿ!"

ಕುರ್‍ರ್... ಟಿಕ್.

ಎಲ್ಲರೂ ಸ್ಕ್ರೀನಿಗೆ ಮುತ್ತಿದರು. ಶರ್ವರಿಯ ರಿಬ್ಬನ್ ಮೇಕೆಯ ಬಾಯಲ್ಲಿತ್ತು. ಶರ್ವರಿಯ ಬಾಯಿ ಮೇಕೆಯ ಬಾಯಿಗಿಂತ ದೊಡ್ಡದಾಗಿ ತೆರೆದಿತ್ತು.

"ಡಿಲೀಟ್ ಮಾಡು! ಈಗಲೇ ಡಿಲೀಟ್ ಮಾಡು!"

"ಬೇಡ! ಇದೇ ಎಲ್ಲಕ್ಕಿಂತ ಬೆಸ್ಟ್!" ಎಂದು ಕ್ಲಾಸಿಗೆ ಕ್ಲಾಸೇ ಕೂಗಿತು. ಮಿಸ್ ಕೂಡ ಕೈ ಎತ್ತಿದರು.

"ಹಾಗಾದ್ರೆ ನಂದು ಇನ್ನೊಂದು ತೆಗಿ. ಚೆನ್ನಾಗಿರೋದು" ಎಂದಳು ಶರ್ವರಿ. ಅವಳ ಕಣ್ಣು ತುಂಬಿತ್ತು.

ಆರತಿ ಕ್ಯಾಮೆರಾ ಎತ್ತಿದಳು. ಅದು ಕುರ್‍ರ್ ಎನ್ನಲಿಲ್ಲ. "ಮೆಮರಿ ಫುಲ್" ಎಂಬ ಅಕ್ಷರಗಳು ಮೂಡಿದವು.

ಯಾರೂ ತಮ್ಮ ಫೋಟೊ ಅಳಿಸಲು ಒಪ್ಪಲಿಲ್ಲ. ಆರತಿ ಹಳೆಯ ಫೋಟೊಗಳತ್ತ ಹೋದಳು. ಒಂದು ಸ್ಕೂಟರ್. ಒಂದು ಕುಕ್ಕರ್. ಮತ್ತೆ ಅದೇ ಸ್ಕೂಟರ್. ಆಮೇಲೆ ಒಂದು ಕಿವಿ. ಮುಖ ಇಲ್ಲ, ಏನಿಲ್ಲ. ಬರೀ ಕಿವಿ.

"ಇದ್ಯಾರ ಕಿವಿ?" ಋಷಿಕೇಶ ಬಿದ್ದು ಬಿದ್ದು ನಕ್ಕ.

ಅಪ್ಪನ ಮಾತು ಆರತಿಗೆ ನೆನಪಾಯಿತು. ಆದರೆ ಒಂದು ಕಿವಿ ಹೋದರೆ ಯಾರಿಗೆ ಗೊತ್ತಾಗುತ್ತದೆ? ಅವಳು ಕಸದ ಬುಟ್ಟಿಯ ಚಿತ್ರವಿದ್ದ ಗುಂಡಿ ಒತ್ತಿದಳು. ಕಿವಿ ಹೋಯಿತು. ಶರ್ವರಿಯ ಹೊಸ ಫೋಟೊ ಬಂತು. ಅದರಲ್ಲಿ ಅವಳು ಕಣ್ಣು ಮುಚ್ಚಿದ್ದಳು.

ಸಂಜೆ ಅಪ್ಪ ಡ್ಯೂಟಿ ಮುಗಿಸಿ ಬಂದವನೇ ಕೈಕಾಲು ತೊಳೆದು ಕ್ಯಾಮೆರಾ ಹಿಡಿದು ಕೂತ. ಮೇಕೆಯ ಫೋಟೊ ನೋಡಿ ಚಹಾ ನೆತ್ತಿಗೆ ಹತ್ತುವಷ್ಟು ನಕ್ಕ. ಹಿಂದೆ ಹಿಂದೆ ಒತ್ತುತ್ತಾ ಹೋದ. ಸ್ಕೂಟರ್ ಬಂತು. ಕುಕ್ಕರ್ ಬಂತು. ಮತ್ತೆ ಸ್ಕೂಟರ್ ಬಂತು. ಅಪ್ಪನ ಬೆರಳು ನಿಂತಿತು. ಮುಂದೆ ಒತ್ತಿದ, ಹಿಂದೆ ಒತ್ತಿದ.

"ಆರತಿ, ಇಲ್ಲೊಂದು ಕಿವಿ ಇತ್ತಲ್ಲ?"

"ಯಾವ ಕಿವಿ?" ಎಂದು ಆರತಿ ತನ್ನ ಎರಡೂ ಕಿವಿ ಮುಟ್ಟಿಕೊಂಡಳು.

ಅಪ್ಪ ಅವಳನ್ನೇ ನೋಡಿದ. ಅವಳು ಕಿವಿಯಿಂದ ಕೈ ಕೆಳಗಿಳಿಸಿದಳು.

"ನಾ ಡಿಲೀಟ್ ಮಾಡ್ದೆ ಅಪ್ಪಾ. ಜಾಗ ಇರ್ಲಿಲ್ಲ."

ಅಪ್ಪ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. "ಅದು ನಿಮ್ಮ ಮುತ್ಯಾನ ಕಿವಿ" ಎಂದ ಮೆಲ್ಲಗೆ.

ಮುತ್ಯಾ ಎಂದರೆ ಅಪ್ಪನ ಅಪ್ಪ, ಈರಣ್ಣ. ಆರತಿ ಅವನನ್ನು ನೋಡಿಯೇ ಇರಲಿಲ್ಲ. ಗೋಡೆಯ ಮೇಲೆ ಅವನ ಒಂದು ಫೋಟೊ ಇತ್ತು. ಓಟರ್ ಕಾರ್ಡಿನದನ್ನೇ ದೊಡ್ಡದು ಮಾಡಿಸಿದ್ದು. ಅದರಲ್ಲಿ ಮುತ್ಯಾ ಪೊಲೀಸ್ ಠಾಣೆಯಲ್ಲಿ ಕೂತವನ ಹಾಗೆ ಕಾಣುತ್ತಿದ್ದ.

"ಕ್ಯಾಮೆರಾ ಹಿಡದ್ರ ಸಾಕು, ಮಾರಿ ತಿರಗಸ್ತಿದ್ದ" ಎಂದ ಅಪ್ಪ. "ಒಮ್ಮೆ ಕಟ್ಟಿ ಮ್ಯಾಲೆ ಕೂತಾಗ ತಗದೆ. ಕಿವಿ ಒಂದು ಸಿಕ್ಕಿತ್ತು."

ಮೂಲೆಯಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದ ಆಯಿ ತಲೆ ಎತ್ತಿದಳು. ಆಯಿ ಎಂದರೆ ಅಜ್ಜಿ ಅವ್ವಮ್ಮ. "ಯಾರ ಕಿವಿ? ಧರ್ಮಾ, ನನಗ್ಯಾಕ ತೋರಿಸಿಲ್ಲ?"

"ನೀ ಅಳ್ತಿ ಅಂತ ತೋರಿಸಿಲ್ಲವ್ವ."

"ಕಿವಿ ನೋಡಿ ಯಾರರ ಅಳ್ತಾರೇನೋ? ಹ್ಯಾಂಗಿತ್ತು ಹೇಳು. ಒಳಗ ಕೂದಲ ಇದ್ದವೇನು?"

ಅಪ್ಪ ಕಣ್ಣು ಮುಚ್ಚಿ ನೆನಪಿಸಿಕೊಂಡ. "ಇಲ್ಲ. ಸ್ವಚ್ಛ ಇತ್ತು."

"ಹಂಗಾರ ಅದು ನಿಮ್ಮಪ್ಪಂದಲ್ಲ" ಎಂದಳು ಆಯಿ ಸೊಪ್ಪು ಬಿಡಿಸುತ್ತಲೇ. "ಅವರ ಕಿವಿಯೊಳಗ ಗುಬ್ಬಿ ಗೂಡು ಕಟ್ಟೂವಷ್ಟು ಕೂದಲಿದ್ದವು."

ಅಡುಗೆಮನೆಯಲ್ಲಿ ಮಮ್ಮಿ ರೊಟ್ಟಿ ಬಡಿಯುವ ಸದ್ದು ಥಟ್ಟನೆ ನಿಂತಿತು.

"ಏನ್ ಹೇಳ್ತಿ ಅವ್ವ?" ಎಂದ ಅಪ್ಪ. "ಎಷ್ಟು ವರ್ಷ ನೋಡೀನಿ ನಾ! ಮ್ಯಾಲಿನ ತುದಿಗೆ ಒಂದು ಕಚ್ಚು ಇತ್ತು. ಹಲ್ಲಿನಿಂದ ಕಡದಂಗ."

ಆಯಿಯ ಕೈಯಿಂದ ಸೊಪ್ಪು ಜಾರಿತು. ನಗುತ್ತಾ ನಗುತ್ತಾ ಅವಳು ಬಾಗಿಲ ಕಡೆ ಕೂಗಿದಳು. "ಏ ಶಂಕ್ರೆಪ್ಪಾ! ಸ್ವಲ್ಪ ಇಲ್ಲಿ ಬಾರೋ! ನಿನ್ನ ಕಿವಿ ತಗೊಂಡ್ ಬಾ!"

ಪಕ್ಕದ ಮನೆಯ ಶಂಕ್ರೆಪ್ಪ ಕಾಕಾ ಅಪ್ಪನ ಜೊತೆ ಅದೇ ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಿದ್ದ. ಬನಿಯನ್ನಿನಲ್ಲೇ ಓಡಿಬಂದ. ಆಯಿ ಅವನನ್ನು ಹಿಡಿದು ಟ್ಯೂಬ್‌ಲೈಟಿನ ಕೆಳಗೆ ತಿರುಗಿಸಿದಳು. ಬಲಗಿವಿಯ ತುದಿಯಲ್ಲಿ ಒಂದು ಕಚ್ಚು ಇತ್ತು!

"ಸಣ್ಣವನಿದ್ದಾಗ ಮಂಗ್ಯಾ ಕಡದಿತ್ತು" ಎಂದ ಕಾಕಾ ಗಾಬರಿಯಿಂದ. "ಯಾಕ್ರಿ, ಏನಾಯ್ತು?"

ಅಪ್ಪ ತಲೆಯ ಮೇಲೆ ಕೈ ಇಟ್ಟುಕೊಂಡ. "ಅವತ್ತು ಕಟ್ಟಿ ಮ್ಯಾಲೆ ಅಪ್ಪನ ಬಾಜೂಕ ನೀನೂ ಕೂತಿದ್ದಿ. ನಾ ಗುಂಡಿ ಒತ್ತಿದೆ. ಈ ಕ್ಯಾಮೆರಾ ಟಿಕ್ ಅನ್ನೂದ್ರೊಳಗ ಅಪ್ಪ ಎದ್ದು ಹೋಗ್ಯಾನ!"

ವಿಷಯವೆಲ್ಲ ತಿಳಿದ ಮೇಲೆ ಕಾಕಾ ಕೇಳಿದ, "ಅಂದ್ರ ಇಷ್ಟು ವರ್ಷ ನೀ ಅಮಾಸಿಗೊಮ್ಮೆ ಕ್ಯಾಮೆರಾ ತಗದು ಕೈ ಮುಗೀತಿದ್ದಿಯಲ್ಲ, ನನ್ನ ಕಿವಿಗೇನು?"

ಮಮ್ಮಿ ಹಿಟ್ಟಿನ ಕೈಯಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆರತಿಯೂ ನಕ್ಕಳು. ಆದರೆ ಅಪ್ಪ ನಗುತ್ತಾ ನಗುತ್ತಾ ಮತ್ತೆ ಕ್ಯಾಮೆರಾದ ಕಡೆ ನೋಡಿದ. ಈಗ ಅವನ ಹತ್ತಿರ ಕಿವಿಯೂ ಇರಲಿಲ್ಲ.

ಆಯಿ ಕ್ಯಾಮೆರಾಕ್ಕೆ ಕೈ ಚಾಚಿದಳು. "ಉಳದಾವು ತೋರಿಸು."

ಆರತಿ ಪಕ್ಕದಲ್ಲಿ ಕೂತು ಒಂದೊಂದೇ ತೋರಿಸಿದಳು. ಸ್ಕೂಟರಿನ ಫೋಟೊದ ಮೂಲೆಯಲ್ಲಿ ಕಂದು ಬಣ್ಣದ, ಮಸುಕಾದ ಗುಡ್ಡದಂಥದ್ದು ಏನೋ ಇತ್ತು. ಕುಕ್ಕರಿನ ಫೋಟೊದಲ್ಲೂ ಇತ್ತು.

"ಇದೇನವ್ವ ಇದು, ಎಲ್ಲಾದ್ರಾಗೂ?" ಆಯಿ ಆರತಿಯನ್ನು ಕೇಳಿದಳು.

"ಅದು ಅಪ್ಪನ ಹೆಬ್ಬೆಟ್ಟು" ಎಂದ ಧರ್ಮಣ್ಣ. "ಅವನೇ ತಗದದ್ದು ಇವೆಲ್ಲ. ತಾನು ಮಾತ್ರ ಎದುರಿಗಿ ನಿಲ್ತಿರಲಿಲ್ಲ, ಕ್ಯಾಮೆರಾ ಕೈಯಾಗ ಸಿಕ್ರ ಸ್ಕೂಟರು, ಕುಕ್ಕರು, ಎಲ್ಲಾ ತಗೀತಿದ್ದ. ಬೆರಳ ಅಡ್ಡ ಬಂದದ, ತಗಿ ಅಂತ ನಾ ಎಷ್ಟು ಬೈತಿದ್ದೆ..."

ಆಯಿ ಸ್ಕ್ರೀನಿನ ಮೇಲೆ ಆ ಕಂದು ಗುಡ್ಡದ ಪಕ್ಕ ತನ್ನ ಹೆಬ್ಬೆರಳು ಇಟ್ಟು ನೋಡಿದಳು. ಬಹಳ ಹೊತ್ತು ನೋಡಿದಳು.

"ಭಾಳ ದಪ್ಪ ಬೆರಳ ಅವರದು" ಎಂದಳು. ಆಮೇಲೆ ಕಣ್ಣೊರೆಸಿಕೊಂಡು, "ಆರತಿ, ನನಗೂ ಕಲಸು. ನಿಮ್ಮದೆಲ್ಲಾರದೂ ಒಂದು ಫೋಟೊ ತಗೀತೀನಿ" ಎಂದಳು.

ಆದರೆ ಜಾಗ ಇರಲಿಲ್ಲ. ಆರತಿ ಹೊಸ ಫೋಟೊಗಳತ್ತ ಬಂದಳು. ಶರ್ವರಿ ಕಣ್ಣು ಮುಚ್ಚಿದ ಫೋಟೊ ಇತ್ತು. ಅವಳ ಬೆರಳು ಗುಂಡಿಯ ಮೇಲೆ ಹೋಯಿತು. ಬೇಡ, ಅದು ಶರ್ವರಿಯದು. ನಾಳೆ ಅವಳನ್ನು ಕೇಳಬೇಕು. ಋಷಿಕೇಶ ತೆಗೆದದ್ದು ಇನ್ನೊಂದಿತ್ತು: ಆರತಿ ಅಂಜೂರದ ಗಿಡದ ಕೆಳಗೆ ನಿಂತು ನಗುವುದು. ಇಡೀ ಟ್ರಿಪ್ಪಿನಲ್ಲಿ ಅವಳದು ಅಂತ ಇದ್ದದ್ದು ಅದೊಂದೇ. ಅದನ್ನು ಒಮ್ಮೆ ಚೆನ್ನಾಗಿ ನೋಡಿ, ಅಳಿಸಿದಳು.

ಅಪ್ಪ, ಮಮ್ಮಿ, ಆರತಿ ಸಾಲಾಗಿ ನಿಂತರು. ಶಂಕ್ರೆಪ್ಪ ಕಾಕಾ ತನ್ನ ಕಿವಿ ಚೆನ್ನಾಗಿ ಕಾಣುವ ಹಾಗೆ ತಿರುಗಿ ನಿಂತ. ಆಯಿ ಕ್ಯಾಮೆರಾವನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು ಒತ್ತಿದಳು.

ಕುರ್‍ರ್... ಟಿಕ್.

ಎಲ್ಲರೂ ನೋಡಲು ಓಡಿಬಂದರು. ಅರ್ಧ ಫೋಟೊದಲ್ಲಿ ಅವರಿದ್ದರು. ಉಳಿದರ್ಧ ಆಯಿಯ ಬೆರಳು.

"ಅವ್ವ, ಬೆರ—" ಎಂದು ಅಪ್ಪ ಬಾಯಿ ತೆರೆದ.

ಆರತಿ ಅವನ ಕಾಲನ್ನು ಮೆಲ್ಲಗೆ ತುಳಿದಳು.

"ಚೊಲೋ ಬಂದದೇನು?" ಆಯಿ ಕೇಳಿದಳು.

"ಭಾಳ ಚೊಲೋ ಬಂದದ ಆಯಿ" ಎಂದಳು ಆರತಿ.