ಏಳೆಂಟ್ಲ ಐವತ್ತನಾಲ್ಕು

ಫೆಬ್ರವರಿ 18, ಮಂಗಳವಾರ, ಬೆಳಗ್ಗೆ 8:10. ರಸ್ತೆಯ ಹಿಮ ಇನ್ನೂ ಕರಗಿರಲಿಲ್ಲ. ವ್ರಾನಿ ಬ್ರೆಗ್ ಹಳ್ಳಿಯ ಹೆಂಗಸು ವೆಸ್ಕಾ ಪೊಲೀಸ್ ಠಾಣೆಗೆ ಬಂದು, ಕಪ್ಪು ತಲೆವಸ್ತ್ರ ಬಿಚ್ಚದೆ, ತನ್ನ ಫೋನನ್ನು ಇನ್ಸ್‌ಪೆಕ್ಟರ್ ಕಾಮೆನ್‌ನ ಮೇಜಿನ ಮೇಲಿಟ್ಟಳು.

"ಓದಿ ಸಾರ್."

ಕಳೆದ ತಿಂಗಳಷ್ಟೇ ವರ್ಗವಾಗಿ ಬಂದಿದ್ದ ಕಾನ್‌ಸ್ಟೇಬಲ್ ಝೆಲ್ಯೊ ಬಗ್ಗಿ ಓದಿದ: 'ನಿಮ್ಮ ಮಗಳು ರಾಲಿತ್ಸ ಇಂದಿನ ಹೋಂವರ್ಕ್ ಸಲ್ಲಿಸಿದ್ದಾಳೆ.'

"ಒಳ್ಳೇದೇ ಆಯ್ತಲ್ಲಕ್ಕಾ. ನನ್ನ ಮಗ ಬೈದ್ರೂ ಬರೆಯಲ್ಲ."

"ನನ್ನ ಮಗಳು ನವೆಂಬರ್ ಇಪ್ಪತ್ತೆಂಟಕ್ಕೆ ತೀರ್ಕೊಂಡ್ಲು ಕಣಪ್ಪಾ."

ಅಣೆಕಟ್ಟಿನ ತಿರುವಿನಲ್ಲಿ ವ್ಯಾನು ಜಾರಿ ಉರುಳಿದ ದಿನ ಅವಳ ಹೆಣ ಎತ್ತಿಸಿದವನೇ ಕಾಮೆನ್. ಅಂದಿನಿಂದ ಆಫ್ ಮಾಡಿ ಮುಚ್ಚಿಟ್ಟಿದ್ದ ಫೋನನ್ನು ವೆಸ್ಕಾ ಹಿಂದಿನ ಸಂಜೆ ತೆರೆದಿದ್ದಳು, ಮಗಳ ಫೋಟೊ ನೋಡುವುದಕ್ಕೆ. ಅಂಥ ಸಂದೇಶಗಳು ನಲವತ್ತೊಂದು ಇದ್ದವು.

"ಸತ್ತ ಕೂಸಿನ ಹೆಸರಲ್ಲಿ ಆಟ ಆಡೋ ಕೈ ಯಾವುದು? ನನಗೆ ಅದು ಬೇಕು."

8:55ಕ್ಕೆ ಎಫ್‌ಐಆರ್ ದಾಖಲಾಯಿತು.

10:30ಕ್ಕೆ ಶಾಲೆಯಲ್ಲಿ ಪಂಚನಾಮೆ. ಒಂದೇ ಕೋಣೆ, ಕಟ್ಟಿಗೆಯ ಒಲೆ, ಒಂಬತ್ತು ಮಕ್ಕಳು, ಹತ್ತು ಟ್ಯಾಬ್ಲೆಟ್. ಮಕ್ಕಳು ಬರೆದದ್ದೆಲ್ಲ ಕ್ಲೌಡ್‌ಗೆ ಹೋಗಿ ಜಿಲ್ಲಾ ಕಚೇರಿಗೂ ಹೆತ್ತವರಿಗೂ ಕಾಣುತ್ತಿತ್ತು. ಹೋಂವರ್ಕ್ ಬಂದರೆ ಆ ಮಗು ಹಾಜರು ಎಂದೇ ಕಚೇರಿಯ ಲೆಕ್ಕ. ಕಸ ಗುಡಿಸುವ ಮಿತ್ರಾ ಅಜ್ಜಿ ಸಾಕ್ಷಿಯಾಗಿ ಸಹಿ ಹಾಕಿದಳು.

"ಮೋಡದಲ್ಲಿ ಪುಸ್ತಕ ಇಡ್ತಾರಂತೆ! ನಮ್ಮ ಕಾಲದಲ್ಲಿ ಮೋಡ ಕಂಡ್ರೆ ಹುಲ್ಲು ಒಳಗೆ ಹಾಕ್ತಿದ್ವಿ."

"ಕೇಳಿದ್ದಕ್ಕೆ ಹೇಳಜ್ಜಿ. ಸಂಜೆ ನಾಲ್ಕರ ಮೇಲೆ ಇಲ್ಲಿ ಯಾರಿರ್ತಾರೆ?" ಎಂದು ಕಾಮೆನ್ ಕೇಳಿದ.

"ನಾನು. ಒಲೆ ಆರೋವರೆಗೆ ಟೀಚರಮ್ಮ. ಒಮ್ಮೊಮ್ಮೆ ಮಕ್ಕಳೂ ಇರ್ತಾವೆ."

"ಟ್ಯಾಬ್ಲೆಟ್ ಮುಟ್ತೀಯಾ?"

"ಒರೆಸ್ತೀನಿ. ಕುರಿ ಎಣಿಸೋಕೇ ಬರಲ್ಲ ನನಗೆ, ಹೋಂವರ್ಕ್ ಬರೀತೀನಾ ಮಗಾ?"

ಬುಧವಾರ ಜಿಲ್ಲೆಯಿಂದ ದಾಖಲೆ ಬಂತು. ನಲವತ್ತೊಂದೂ ಶಾಲೆಯ ಹತ್ತನೇ ಟ್ಯಾಬ್ಲೆಟ್‌ನಿಂದ, ಸಂಜೆ ನಾಲ್ಕರಿಂದ ನಾಲ್ಕೂವರೆಯೊಳಗೆ ಹೋಗಿದ್ದವು. ಹುಡುಗರ ಚೇಷ್ಟೆ ಇರಬೇಕು ಎಂದ ಝೆಲ್ಯೊ. ಕಾಮೆನ್ ಗುರುವಾರ ಬೆಳಗ್ಗೆ ಆ ಹೋಂವರ್ಕ್ ಹಾಳೆಗಳನ್ನು ಅಚ್ಚು ಹಾಕಿಸಿ ವೆಸ್ಕಾಳ ಮುಂದಿಟ್ಟ. ಅವಳು ಸಾಲಿನ ಕೆಳಗೆ ಬೆರಳಿಟ್ಟು ಓದಿದಳು. ಬೆರಳು ಒಂದು ಕಡೆ ನಿಂತಿತು.

"ಏಳೆಂಟ್ಲ ಐವತ್ತನಾಲ್ಕು... ಸಾರ್, ಇದು ನನ್ನ ಮಗಳದೇ ತಪ್ಪು. ಗಿಣಿಗೆ ಹೇಳಿದಂಗೆ ಹೇಳಿದ್ರೂ ಐವತ್ತನಾಲ್ಕೇ ಅಂತಿದ್ಲು."

"ಈ ತಪ್ಪು ಯಾರಿಗೆಲ್ಲ ಗೊತ್ತು?"

"ನನಗೆ. ಮತ್ತೆ..." ವೆಸ್ಕಾ ಹಾಳೆಯನ್ನು ಮಡಿಸಿಟ್ಟಳು. "ಟೀಚರಮ್ಮಂಗೆ."

ಮಧ್ಯಾಹ್ನ 3:40. ಮಕ್ಕಳು ಮನೆಗೆ ಹೋದ ಮೇಲೆ ಕಾಮೆನ್ ಒಳಗೆ ಬಂದ. ಟೀಚರ್ ನೆವೆನಾ ಒಲೆಯ ಬೂದಿ ತೆಗೆಯುತ್ತಿದ್ದಳು.

"ಹತ್ತನೇ ಟ್ಯಾಬ್ಲೆಟ್‌ನಲ್ಲಿ ಬರೆದದ್ದು ನೀವಾ?"

"ಹೌದು."

"ತಪ್ಪು ಲೆಕ್ಕ ಯಾಕೆ?"

"ಸರಿ ಬರೆದಿದ್ರೆ ಅದು ಅವಳದಾಗ್ತಿರಲಿಲ್ಲ."

"ತಾಯಿಗೂ ಸಂದೇಶ ಹೋಗ್ತದೆ ಅಂತ ಹೊಳೀಲಿಲ್ವಾ?"

"ಫೋನ್ ಮುಚ್ಚಿಟ್ಟಿದ್ದಾಳೆ ಅಂತ ಗೊತ್ತಿತ್ತು. ಇನ್ನು ತೆರೆಯಲ್ಲ ಅಂದ್ಕೊಂಡೆ."

"ಯಾಕೆ ಮಾಡಿದ್ರಿ?"

"ಹತ್ತಕ್ಕೆ ಒಂದು ಕಮ್ಮಿಯಾದ್ರೂ ಶಾಲೆ ಮುಚ್ತಾರೆ ಸಾರ್. ಅದಕ್ಕೇ ಅವಳ ಹೆಸರು ಪಟ್ಟಿಯಿಂದ ತೆಗೀಲಿಲ್ಲ. ಆಮೇಲೆ ಒಂಬತ್ತು ಮಕ್ಕಳೂ ದಿನಾ ಅದೇ ತಿರುವು ದಾಟಿ ಪಟ್ಟಣಕ್ಕೆ ಹೋಗ್ಬೇಕು. ಅವತ್ತು ಮಗಳನ್ನ ಹಾಡಿನ ಸ್ಪರ್ಧೆಗೆ ಕಳಿಸಲ್ಲ ಅಂತ ಅಂದಿದ್ಲು ವೆಸ್ಕಾ. ನಾನೇ ಒಪ್ಪಿಸಿ ವ್ಯಾನ್ ಹತ್ತಿಸಿದೆ. ಹೋದದ್ದು ಒಂದು ಸಾಕು."

4:05ಕ್ಕೆ ದಸ್ತಗಿರಿಯಾಯಿತು. ವೆಸ್ಕಾ ಗೇಟಿನ ಹತ್ತಿರ ನಿಂತಿದ್ದಳು. ಇಬ್ಬರು ಹೆಂಗಸರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಜೀಪಿನ ಬಾಗಿಲು ಹಾಕಿದ ಮೇಲೆ ವೆಸ್ಕಾ ಕೇಳಿದಳು.

"ದೂರು ವಾಪಸ್ ತಗೋಬಹುದಾ ಸಾರ್?"

"ಕಾಗದ ಮೇಲಕ್ಕೆ ಹೋಗಿಬಿಟ್ಟಿದೆಯಮ್ಮಾ."

ಡೈರಿಯಲ್ಲಿ ಆರೋಪಿಗೆ ಸಿಕ್ಕ ಲಾಭ ಎಂಬ ಕಡೆ ಕಾಮೆನ್ ಗೆರೆ ಎಳೆದ. ಉದ್ದೇಶ ಎಂಬ ಕಡೆ 'ಆ ತಿರುವು' ಎಂದು ಬರೆದ.

ಹತ್ತು ದಿನಕ್ಕೆ ಶಾಲೆಗೆ ಬೀಗ ಬಿತ್ತು. ಪಟ್ಟಣದ ಶಾಲೆಗೆ ಬಸ್ಸು ಶುರುವಾದ ದಿನ ವೆಸ್ಕಾ ನಸುಕಿಗೇ ಹೋಗಿ, ಚಕ್ರ ಜಾರದಿರಲೆಂದು ಅಣೆಕಟ್ಟಿನ ತಿರುವಿನ ಮಂಜುಗಡ್ಡೆಯ ಮೇಲೆ ಶಾಲೆಯ ಒಲೆಯ ಬೂದಿ ಚೆಲ್ಲಿದಳು. ಕ್ಷೇಮಕ್ಕೆಂದು ಮಾರ್ಚ್ ತಿಂಗಳಲ್ಲಿ ಕಟ್ಟುವ ಕೆಂಪು ಬಿಳಿ ದಾರವನ್ನು ಮುಂಗೈಗೆ ಕಟ್ಟಿಕೊಂಡ ಒಂಬತ್ತು ಮಕ್ಕಳು 6:20ರ ಬಸ್ಸಿನಲ್ಲಿ ಹೊರಟರು. ಅಂದು ಮಾರ್ಚ್ 4, ಮಂಗಳವಾರ.