ಅಡಿಸ್ ಅಬಾಬದ ಮನೆಯೂಟ

ಪಟ್ಟಿ ನಾಲಿಗೆಯ ಮೇಲೆ ಕೂತ ಅರೆಕ್ಷಣದಲ್ಲೇ ಕಾತ್ಯಾಯಿನಿಯ ಬಾಯಿ ತುಂಬ ಹುಳಿ ಹರಡಿತು. ಹುದುಗು ಬಂದ ದೋಸೆಯಂಥ ಇಂಜೆರಾ, ಜೊತೆಗೆ ಖಾರದ ಬೇಳೆ. ಊಟ ಇದ್ದದ್ದು ಇಥಿಯೋಪಿಯಾದ ಅಡಿಸ್ ಅಬಾಬದಲ್ಲಿ. ಅವಳು ಕೂತಿದ್ದು ದಾವಣಗೆರೆಯಲ್ಲಿ, ತಾನು ನಡೆಸುವ ಮೆಸ್ಸಿನ ಹಿಂದಿನ ಕೋಣೆಯಲ್ಲಿ.

ರುಚಿಪಟ್ಟಿ ಬಂದ ಮೇಲೆ ಪರದೇಶಕ್ಕೆ ಹೊರಡುವವರು ಹೋಟೆಲುಗಳ ಬಗ್ಗೆ ಓದುವುದನ್ನೇ ಬಿಟ್ಟಿದ್ದರು. ಆಯಾ ಊರಿನಲ್ಲಿ ಕಂಪನಿ ನೇಮಿಸಿದ ರುಚಿಗಾರರು ಉಣ್ಣುವಾಗ ಅವರ ನಾಲಿಗೆಯ ನರಗಳಲ್ಲಿ ಹರಿಯುವ ಸಂಕೇತಗಳನ್ನು ಯಂತ್ರ ದಾಖಲಿಸಿಕೊಳ್ಳುತ್ತಿತ್ತು. ಆ ರುಚಿಮುದ್ರೆಯನ್ನು ತೆಳುವಾದ ಪಟ್ಟಿಯೊಂದು ಗಿರಾಕಿಯ ನಾಲಿಗೆಗೆ ದಾಟಿಸುತ್ತಿತ್ತು. ಮನೆಯಲ್ಲೇ ಸವಿದು, ಮೆಚ್ಚಿದ ಕಡೆ ಜಾಗ ಕಾಯ್ದಿರಿಸಿದರಾಯಿತು.

ಅವಳ ಗಂಡ ಶಿವಶಂಕರ ಹಿಂದೆ ಎರಡು ವರ್ಷ ಅಡಿಸ್ ಅಬಾಬದ ಬಟ್ಟೆ ಗಿರಣಿಯಲ್ಲಿ ಕೆಲಸ ಮಾಡಿದ್ದ. ಅಷ್ಟು ದಿನವೂ ಕ್ವಾರ್ಟರ್ಸಿನಲ್ಲಿ ತಾನೇ ಅನ್ನ ಬೇಯಿಸಿಕೊಂಡೆ, ಹೊರಗೆ ಒಂದು ತುತ್ತೂ ತಿನ್ನಲಿಲ್ಲ ಎನ್ನುತ್ತಿದ್ದ. ಪಾಪ, ಈಗಲಾದರೂ ಅವನಿಗೆ ಆ ಊರಿನ ಒಳ್ಳೆಯ ಊಟ ಕೊಡಿಸಬೇಕೆಂದೇ ಅವಳು ಪ್ರವಾಸ ಗೊತ್ತುಮಾಡಿದ್ದಳು. ಬೇರೆ ದೇಶ ನೋಡೋಣ ಎಂದು ಅವನು ಎರಡು ಮೂರು ಸಲ ಹೇಳಿ ಸುಮ್ಮನಾಗಿದ್ದ.

ಹತ್ತು ಹೋಟೆಲುಗಳ ರುಚಿ ನೋಡಿ ಅವಳು ‘ಅಲ್ಮಾಜ್ ಮನೆಯೂಟ’ಕ್ಕೆ ಬಂದಳು. ಹನ್ನೆರಡು ವರ್ಷದ ಹಿಂದಿನ, ಪ್ರಯೋಗಕಾಲದ ಮುದ್ರೆಗಳವು. ಆಗ ದಿನಾ ಉಣ್ಣಲು ಬರುವ ಗಿರಾಕಿಗಳನ್ನೇ ಕಂಪನಿ ರುಚಿಗಾರರನ್ನಾಗಿ ಕೂರಿಸುತ್ತಿತ್ತು. ಮೊದಲ ಪಟ್ಟಿಯಲ್ಲಿ ಬೇಳೆಗೆ ಉಪ್ಪು ಸಾಲದು. ಮೆಂತ್ಯ ಹಾಕಿದೆ ಎಂದು ವಿವರದಲ್ಲಿತ್ತು, ಕಹಿಯ ಸುಳಿವೇ ಇಲ್ಲ. ಅವಳ ಕೈ ಅಲ್ಲೇ ತಡೆಯಿತು. ಚಿಕ್ಕಂದಿನ ಜ್ವರವೊಂದರಿಂದ ಶಿವಶಂಕರನ ನಾಲಿಗೆಗೆ ಕಹಿ ಗೊತ್ತಾಗುತ್ತಿರಲಿಲ್ಲ. ಉಪ್ಪು ಒಂದೂವರೆ ಪಾಲು ಬೇಕು. ಮೂವತ್ತು ವರ್ಷ ಅವನ ಸಾರನ್ನು ಬೇರೆ ಪಾತ್ರೆಗೆ ತೆಗೆದು ಉಪ್ಪು ಬೆರೆಸಿದವಳು ಅವಳು.

ಋತು ಬದಲಾದಂತೆ ರುಚಿಯೂ ಬದಲಾಗುತ್ತದೆಂದು ಆ ಮನೆಯ ಊಟವನ್ನು ಒಬ್ಬನೇ ರುಚಿಗಾರನಿಂದ ತಿಂಗಳಿಗೊಮ್ಮೆ ದಾಖಲಿಸಿದ್ದರು. ಉಳಿದ ಹನ್ನೊಂದನ್ನೂ ಅವಳು ಒಂದೊಂದಾಗಿ ನಾಲಿಗೆಗೆ ಇಟ್ಟುಕೊಂಡಳು. ಕಹಿ ಯಾವುದರಲ್ಲೂ ಇರಲಿಲ್ಲ. ನಾಲ್ಕನೆಯದರಲ್ಲಿ ಉಪ್ಪು ಸರಿಹೋಗಿತ್ತು. ಆಮೇಲೆ ಒಮ್ಮೆಯೂ ತಪ್ಪಲಿಲ್ಲ.

ಮರುದಿನ ಕಂಪನಿಯ ವಿಜ್ಞಾನಿ ಡಾ. ಫಾಲಾಕ್ಷರಿಗೆ ಫೋನ್ ಮಾಡಿ, ಉಂಡವರ ನಾಲಿಗೆಯ ದೋಷವೂ ಮುದ್ರೆಯಲ್ಲಿ ಸೇರಿರುತ್ತದೆಯೇ ಎಂದು ಕೇಳಿದಳು. ಸೇರಿರುತ್ತದೆ, ಈಗಿನ ಯಂತ್ರ ಅದನ್ನು ಸೋಸಿ ತೆಗೆಯುತ್ತದೆ, ಹಳೆಯವುಗಳಲ್ಲಿ ಉಳಿದುಬಿಟ್ಟಿದೆ ಎಂದು ಅವರು ವಿವರಿಸಿದರು.

“ಅಡುಗೆಯವರು ಒಬ್ಬರಿಗೋಸ್ಕರ ಉಪ್ಪು ಹೆಚ್ಚು ಹಾಕಿದ್ರೆ ಅದೂ ಗೊತ್ತಾಗುತ್ತಾ ಸರ್?”

“ಆ ನಾಲಿಗೆಯನ್ನ ಚೆನ್ನಾಗಿ ಬಲ್ಲವರಿಗೆ ಗೊತ್ತಾಗಬಹುದು. ಅಂಥವರು ಒಬ್ಬರು ಬಂದು ಕೇಳ್ತಾರೆ ಅಂತ ನಾವು ಎಣಿಸಿರಲಿಲ್ಲಮ್ಮ.” ರುಚಿಗಾರರ ಹೆಸರು ಹೇಳುವಂತಿಲ್ಲ ಎಂದೂ ಸೇರಿಸಿದರು. ಅವಳು ಹೆಸರು ಕೇಳಿರಲಿಲ್ಲ.

ಆ ರಾತ್ರಿ ಅವಳು ಇದೆಲ್ಲವನ್ನೂ ಮುಂದಿಟ್ಟಾಗ ಶಿವಶಂಕರ ಅಲ್ಲಗಳೆಯಲಿಲ್ಲ. “ಮುಗಿದುಹೋದ ಮಾತು ಅದು. ಹನ್ನೊಂದು ವರ್ಷ ಆತು,” ಎಂದ.

“ನಿಮ್ಮ ನಾಲಿಗೆ ಕಲಿಯೋಕೆ ಅವಳಿಗೆ ಮೂರು ತಿಂಗಳು ಸಾಕಾತು ನೋಡ್ರಿ. ನನಗೆ ವರ್ಷ ಹಿಡಿದಿತ್ತು.”

ಗಿರಣಿಯ ಆ ದಿನಗಳಲ್ಲಿ ಅವನು ಫೋನ್ ಮಾಡಿ, ಇವತ್ತೂ ಅನ್ನ ಮೊಸರೇ ಎಂದದ್ದು, ಅದನ್ನು ಕೇಳಿ ತಾನು ಮರುಗಿ ತಟ್ಟೆ ಬಿಟ್ಟು ಎದ್ದದ್ದು ನೆನಪಾಗಿ ಅವಳ ಮೈ ಉರಿಯಿತು. ಅವನ ಟಿಕೆಟ್ಟನ್ನು ರದ್ದುಮಾಡಿಸಿ ಒಬ್ಬಳೇ ವಿಮಾನ ಹತ್ತಿದಳು. ಆ ಹೆಂಗಸಿಗೆ ಏನೇನು ಅನ್ನಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಳು.

ಅಲ್ಮಾಜ್ ಅವಳದೇ ವಯಸ್ಸಿನವಳು. ಕೂದಲು ಪೂರ್ತಿ ನರೆತಿತ್ತು. ಕಾತ್ಯಾಯಿನಿ ಕಿವಿಯ ಅನುವಾದಕದ ಮೂಲಕ ತನ್ನ ಊರು ಹೇಳಿ, ಶಿವಶಂಕರ ಗೊತ್ತೇ ಎಂದು ಕೇಳಿದಳು. ಬಡಿಸುತ್ತಿದ್ದ ಅಲ್ಮಾಜ್ ಸೌಟು ಇಟ್ಟು ಎದುರಿಗೆ ಕೂತಳು. ತಿಂಗಳಲ್ಲಿ ಬರುತ್ತೇನೆಂದು ಹೋದವನು ಬರಲೇ ಇಲ್ಲ ಎಂದಳು. ಆದರೂ ಅವನ ಮೇಲೆ ಸಿಟ್ಟಿಲ್ಲವಂತೆ. ದುಃಖ ಉಂಡ ಮನುಷ್ಯ, ಇಲ್ಲಿಗೆ ಬರುವ ಮುಂಚೆಯೇ ಹೆಂಡತಿಯನ್ನು ಕಳಕೊಂಡಿದ್ದನಂತೆ.

“ಆ ತಾಯಿಯ ಹೆಸರಿನಲ್ಲಿ ಪ್ರತಿ ಈಸ್ಟರಿಗೂ ಚರ್ಚಿನಲ್ಲಿ ಮೇಣದಬತ್ತಿ ಹಚ್ಚುತ್ತೇನೆ,” ಎಂದಳು.

ಜೋಡಿಸಿಕೊಂಡು ಬಂದ ಮಾತುಗಳನ್ನೆಲ್ಲ ಬಿಟ್ಟು ಕಾತ್ಯಾಯಿನಿ, ಆ ಹೆಂಡತಿಯ ಹೆಸರೇನು ಎಂದಷ್ಟೇ ಕೇಳಿದಳು.

ಹನ್ನೊಂದು ವರ್ಷ ಪ್ರಾರ್ಥನೆಯಲ್ಲಿ ಹೇಳಿ ಹೇಳಿ ರೂಢಿಯಾದ ಹೆಸರು. ಅಲ್ಮಾಜ್ ಕಣ್ಣು ಮುಚ್ಚಿ, ಒಂದಕ್ಷರವೂ ತಪ್ಪದೆ ಹೇಳಿದಳು: “ಕಾತ್ಯಾಯಿನಿ.”