ಹೆಬ್ಬಾಗಿಲಲ್ಲಿ ಒಂದು ಛತ್ರಿ

ತೊಕುಜಿ ಕೆತ್ತಿಕೊಡುವ ಮರದ ಹಲಗೆಗಳಿಗೆ ಶಾಯಿ ಹಚ್ಚಿ, ಕಾಗದದ ಮೇಲೆ ಅಚ್ಚು ತೆಗೆಯುವವಳು ನಾನು. ಒಂಬತ್ತು ವರ್ಷದಲ್ಲಿ ಅವನ ಉಳಿ ಒಮ್ಮೆಯೂ ಜಾರಿದ್ದಿಲ್ಲ. ಆ ಬೆಳಿಗ್ಗೆ ತಂದ ಹಲಗೆಯಲ್ಲಿ ಮಾತ್ರ ತೇಪೆಯಿತ್ತು. ಚಿತ್ರ ಕ್ಯೋತೋದ ಹಳೇ ದೇವಾಲಯದ ಹೆಬ್ಬಾಗಿಲಿನದು; ಅದರ ನಡುವೆ ಉಗುರಿನಷ್ಟು ಮರ ಕಿತ್ತು ಹೊಸ ತುಂಡು ಕೂರಿಸಿದ್ದ. ಕೆತ್ತನೆ ಕೆಟ್ಟರೆ ಹಾಗೆ ತಿದ್ದುವುದು.

ಮನಸ್ಸು ಟೋಕಿಯೋದಲ್ಲಿದ್ದರೆ ಕೈ ಇಲ್ಲಿ ಹೇಗೆ ನಿಂತೀತು ಅಂದುಕೊಂಡೆ. ಅಲ್ಲಿನ ಪ್ರಕಾಶಕರೊಬ್ಬರು ಅವನನ್ನು ಮನೆಅಳಿಯನಾಗುವಂತೆ ಕೇಳಿದ್ದರು. ಹುಡುಗಿಯ ಫೋಟೋ ನನಗೂ ತೋರಿಸಿದ್ದ: ಬಲಗೈಯಲ್ಲಿ ಛತ್ರಿ, ತುಟಿಯಲ್ಲಿ ನಗು. ಚೆನ್ನಾಗಿದ್ದಾಳೆ ಅಂದಿದ್ದೆ. ಯಾಕೋ ಮುಖ ಊದಿಸಿಕೊಂಡು ಹೋಗಿದ್ದ. ಹೊಗಳಿದರೂ ತಪ್ಪು, ಸುಮ್ಮನಿದ್ದರೂ ತಪ್ಪು; ಈ ಮನುಷ್ಯ ನನಗೆ ಅರ್ಥವೇ ಆಗುತ್ತಿರಲಿಲ್ಲ. ಅವರಿಗೆ ಉತ್ತರ ಬರೆಯಲು ಹಲಗೆ ತಂದ ಆ ದಿನವೇ ಕೊನೆ.

ಹಲಗೆಯನ್ನು ಬೆಳಕಿಗೆ ಹಿಡಿದೆ. ಮೂಲ ಚಿತ್ರ ಬರೆದುಕೊಟ್ಟ ಚಿತ್ರಕಾರರು ಖಾಲಿ ಬಿಟ್ಟಿದ್ದ ಬಾಗಿಲಲ್ಲಿ ಒಬ್ಬಳು ಹೆಣ್ಣು ನಿಂತಿದ್ದಳು. ಬಲಗೈಯಲ್ಲಿ ಛತ್ರಿ. ಒಂಬತ್ತು ವರ್ಷ ಬಾಯಿ ಬಿಡದೆ ಪ್ರೀತಿಸಿದವಳು ನಾನು, ಹೊಟ್ಟೆ ಉರಿದುಹೋಯಿತು.

"ಅವಳನ್ನ ಇಲ್ಲೂ ತಂದು ನಿಲ್ಲಿಸಿದ್ರಾ?"

"ಬಾಗಿಲು ಖಾಲಿ ಕೆತ್ತಿದ್ದೇ ತಪ್ಪಾಗಿತ್ತು ಫುಸಾ, ತಿದ್ದಿದೆ. ಮೊದಲು ಅಚ್ಚು ತೆಗಿ."

ನನ್ನ ಸವತಿಗೆ ನಾನೇ ಶಾಯಿ ಹಚ್ಚಬೇಕಂತೆ. ಹಚ್ಚಿದೆ. ಕಾಗದ ಹಾಸಿ, ಇದ್ದಬದ್ದ ಸಿಟ್ಟನ್ನೆಲ್ಲ ಸೇರಿಸಿ ಉಜ್ಜಿದೆ, ಎಂದಿನಂತೆ ಎಡಗೈಯಲ್ಲಿ. ಅಪ್ಪನಿಂದ ಎಷ್ಟು ಬೈಸಿಕೊಂಡರೂ ಬಿಡದ ಅಭ್ಯಾಸ. ನಮ್ಮ ಬೀದಿಯ ಅಚ್ಚಿನವರಲ್ಲಿ ಎಡಚಿ ನಾನೊಬ್ಬಳೇ.

ಕಾಗದ ಎತ್ತಿದೆ. ಛತ್ರಿ ಎಡಗೈಗೆ ಬಂದಿತ್ತು.

ಹಲಗೆಯ ಬಲ ಕಾಗದದಲ್ಲಿ ಎಡವಾಗುತ್ತದೆಂದು ನಿನ್ನೆ ಕೆಲಸಕ್ಕೆ ಸೇರಿದವರಿಗೂ ಗೊತ್ತು. ಹೊಟ್ಟೆಕಿಚ್ಚಿನಲ್ಲಿ ನನಗೆ ಮರೆತೇಹೋಗಿತ್ತು.

"ಇನ್ನೂ ಗೊತ್ತಾಗ್ಲಿಲ್ವಾ, ಎಡಚಿ?" ಅಂದ. "ಟೋಕಿಯೋಗೆ ಏನಂತ ಬರೀಲಿ?"

ಕಣ್ಣು ತುಂಬಿ ಹೆಬ್ಬಾಗಿಲೆಲ್ಲ ಮಸುಕಾಯಿತು. ಚಿತ್ರಕಾರರು ಸುಮ್ಮನೆ ಬಿಡುವುದಿಲ್ಲ ಅಂದೆ. ಇಬ್ಬರೂ ಬೈಸಿಕೊಳ್ಳೋಣ ಅಂದ. ನಮ್ಮೂರಲ್ಲಿ ಒಂದೇ ಛತ್ರಿಯಡಿ ನಡೆದ ಗಂಡುಹೆಣ್ಣಿನ ವಿಷಯದಲ್ಲಿ ಯಾರೂ ಪ್ರಶ್ನೆ ಕೇಳುವುದಿಲ್ಲ. ಉತ್ತರ ಎಲ್ಲರಿಗೂ ಗೊತ್ತಿರುತ್ತದೆ.

"ಛತ್ರಿ ದೊಡ್ಡದಾಯ್ತು" ಅಂದೆ. "ನನ್ನೊಬ್ಬಳಿಗೆ ಇಷ್ಟು ಬೇಡ."

"ಅಳತೆ ನೋಡಿಯೇ ಕೆತ್ತಿದ್ದು" ಅಂದ ತೊಕುಜಿ.